ನಾಲ್ಕಕ್ಕಿನ್ನೂ ಇಪ್ಪತ್ತು ನಿಮಿಷ

ಏನೂ ಮಾಡದ ಒಂದು ಪ್ರೋಗ್ರಾಂ ಬರೆಯಿರಿ, ಅಂದರು
ಯೆರ್ಕೊ ಮೇಷ್ಟ್ರು, ಹಡಗುಗಳ ರೇಡಿಯೋ ರಿಪೇರಿ ಮಾಡಿ ಮಾಡಿ
ಒಂದು ಕಿವಿ ಮಂದವಾದವರು.
ಬರೆದೆ. ಮೂರೇ ಸಾಲು.
ಮೇನ್, ಒಳಗೆ ಒಂದು ಸೊನ್ನೆ ವಾಪಸ್ಸು, ಮುಚ್ಚುವ ಆವರಣ.

ಪುಂತಾ ಅರೇನಸ್ಸಿನ ರಾತ್ರಿ ಶಾಲೆ. ಹೊರಗೆ,
ಜನ ಹಾರಿಹೋಗದಂತೆ ಬೀದಿಯಂಚಿಗೆ ಹಗ್ಗ ಕಟ್ಟಿಸುವಂಥ ಗಾಳಿ.
ನನ್ನ ಬೆರಳಲ್ಲಿನ್ನೂ ಏಡಿಯ ವಾಸನೆ,
ನಿಂಬೆ ತಿಕ್ಕಿದರೂ ಹೋಗದ್ದು.

ಈಗ ಬಿಚ್ಚಿ ನೋಡಿ, ಅಂದರು.
ಬಿಚ್ಚಿದೆ. ನೂರಾ ಹನ್ನೊಂದು ಸಾಲು!
ಪಕ್ಕದ ಹುಡುಗ ಎಲಿಸೆಯೊ, ವೈರಸ್ಸು ಅಂದ.
ಅಲ್ಲ, ಕಂಪೈಲರ್ ಸೇರಿಸಿದ್ದು, ಎಲ್ಲರಿಗೂ ಸೇರಿಸುತ್ತೆ,
ಅದನ್ನು ಬಿಡಿ, ಕೆಳಗೆ ಹೋಗಿ, ಮೇನ್ ಹುಡುಕಿ,
ಕೆಲಸ ಶುರುವಾಗುವುದೇ ಅಲ್ಲಿಂದ.

ಎಲ್ಲರೂ ಕೆಳಗೆ ಹೋದರು.
ನನಗೆ ಹೋಗಲಾಗಲಿಲ್ಲ.

ಮೊದಲ ಸಾಲಲ್ಲೇ ಒಂದು ರಿಜಿಸ್ಟರ್
ತನ್ನನ್ನು ತಾನೇ ಅಳಿಸಿಕೊಂಡು ಸೊನ್ನೆಯಾಗುತ್ತದೆ:
ನನ್ನ ಹಿಂದೆ ಯಾರೂ ಇಲ್ಲ,
ಹೆಜ್ಜೆ ಹಿಡಿದು ಬಂದವರು ಇಲ್ಲಿಗೇ ನಿಲ್ಲಿ, ಅಂತ ಗುರುತು.
ಆಮೇಲೆ ಹೊರಗಿಂದ ಬಂದ ಮಾತುಗಳ ಎಣಿಕೆಯನ್ನು ಎತ್ತಿಡುತ್ತದೆ,
ಸ್ಟ್ಯಾಕನ್ನು ಹದಿನಾರರ ಗೆರೆಗೆ ಜರುಗಿಸಿ ನೇರ ಮಾಡುತ್ತದೆ,
ಮೇನಿನ ವಿಳಾಸವನ್ನು ಚೀಟಿಯ ಹಾಗೆ ಲೈಬ್ರರಿಯ ಕೈಗಿತ್ತು
ಇವಳನ್ನು ಕರಿ, ಅನ್ನುತ್ತದೆ.

ಈ ಕೆಲಸ ನನಗೆ ಗೊತ್ತು.
ನಾಲ್ಕಕ್ಕಿನ್ನೂ ಇಪ್ಪತ್ತು ನಿಮಿಷ ಇರುವಾಗ
ಏಡಿ ಕಾರ್ಖಾನೆಯ ಬಾಗಿಲು ತೆಗೆಯುವವಳು ನಾನು, ಒತೀಲಿಯಾ ಬರ್ರೀಯಾ.
ಹೆಪ್ಪುಗಟ್ಟಿದ ಪೈಪಿಗೆ ಬಿಸಿನೀರಲ್ಲದ್ದಿದ ಗೋಣಿ ಸುತ್ತಿ,
ಬಾಯ್ಲರ್ ಹೊತ್ತಿಸಿ, ನೆಲದ ಉಪ್ಪು ತೊಳೆದು,
ನಲವತ್ತೆರಡು ಏಪ್ರನ್ ಅವರವರ ಮೊಳೆಗೆ ಹಾಕಿ
ಐದೂಮುಕ್ಕಾಲಿಗೆ ಹೊರಡುತ್ತೇನೆ.
ಆರಕ್ಕೆ ಅವರು ಬರುತ್ತಾರೆ. ನೀರು ಕುದಿಯುತ್ತಿರುತ್ತದೆ.
ಕುದಿಯುವುದು ನೀರಿನ ಗುಣ ಅಂದುಕೊಂಡಿದ್ದಾರೆ.

(ಒಂದು ವ್ಯತ್ಯಾಸ ಉಂಟು. ನಾನು ಮನೆಗೆ ಹೋಗಿ ಮಲಗುತ್ತೇನೆ.
ಅದು ಕಾಯುತ್ತದೆ, ಮೇನ್ ಮುಗಿಸಿ ಬರುವವರೆಗೂ,
ತಂದ ಸೊನ್ನೆಯನ್ನು ಕೈಚಾಚಿ ಇಸಿದುಕೊಳ್ಳಲು.)

ಮರುದಿನ, ಹಟಕ್ಕೆ, ಅದನ್ನೆಲ್ಲ ಕಿತ್ತುಹಾಕಿದೆ.
ಯಾವ ಲೈಬ್ರರಿಯೂ ಬೇಡ, ಮೇನೇ ಮೊದಲು, ಅಂತ ಹೇಳಿ ಕಟ್ಟಿಸಿದೆ.
ಓಡಿತು. ಸೊನ್ನೆ ಎತ್ತಿಕೊಂಡಿತು. ಮರಳಲು ತಿರುಗಿತು.
ಸತ್ತಿತು.
ಬಂದ ದಾರಿಗೆ ಸುಂಕವಿಲ್ಲ ಅಂತಾರೆ;
ಬಂದ ದಾರಿಯೇ ಇಲ್ಲದಿದ್ದರೆ?
ಮರಳುವ ವಿಳಾಸ ಇರಬೇಕಾದಲ್ಲಿ ಸಿಕ್ಕಿದ್ದು
ಮಾತುಗಳ ಎಣಿಕೆ: ಒಂದು.
ಅದನ್ನೇ ಮನೆ ನಂಬರ್ ಅಂದುಕೊಂಡು
ಊರೇ ಇಲ್ಲದ ಬೀದಿಗೆ ನುಗ್ಗಿತ್ತು, ಪಾಪ.

ಹೋದ ಆಗಸ್ಟಿನಲ್ಲಿ ನನಗೆ ಜ್ವರ ಬಂದ ಮೂರು ದಿನ
ತೊಟ್ಟಿಯ ಮೇಲೆ ಮಂಜು ಕಟ್ಟಿತ್ತಂತೆ,
ಏಡಿಗಳು ಬುಟ್ಟಿಯಲ್ಲೇ ಹೊತ್ತು ಕಳೆದವಂತೆ.
ನಾಲ್ಕನೇ ದಿನ ಹೋದಾಗ ಸೂಪರ್‌ವೈಸರ್ ಹೇಳಿದ:
ಮೊನ್ನೆಯಿಂದ ನೀರಿಗೇನೋ ಆಗಿತ್ತು, ಈಗ ಸರಿಹೋಯಿತು.

ಮತ್ತೊಂದು ಸಾಲಿದೆ ಆ ಪಟ್ಟಿಯಲ್ಲಿ.
ಲೈಬ್ರರಿ ಎಲ್ಲ ದೀಪ ಆರಿಸಿ, ಕದವಿಕ್ಕಿ,
ಪ್ರೋಗ್ರಾಂ ಅನ್ನುವುದೇ ಇಲ್ಲವಾದ ಮೇಲೆ ಬರುವ ಸಾಲು:
ನಿಲ್ಲು.
ಅಲ್ಲಿಗೆ ಯಾವತ್ತೂ ಯಾರೂ ಬರುವುದಿಲ್ಲ, ಅಂದರು ಮೇಷ್ಟ್ರು.
ಮತ್ತೆ ಯಾಕಿಟ್ಟರು?
ಕೇಳಿದ್ದು ಮಂದ ಕಿವಿಯ ಕಡೆಯಿಂದ. ಅವರು ಬೋರ್ಡು ಒರೆಸತೊಡಗಿದರು.

ಬಾಯ್ಲರ್ ಹಿಂದಿನ ಗೂಡಿನಲ್ಲಿ, ಪ್ಲಾಸ್ಟಿಕ್ ಸುತ್ತಿ,
ನಾನಿಟ್ಟ ಎರಡನೇ ಬೆಂಕಿಪೊಟ್ಟಣ ಇದೆ.
ಹನ್ನೊಂದು ವರ್ಷ, ಒಂದು ಕಡ್ಡಿಯೂ ಖರ್ಚಾಗಿಲ್ಲ.
ಚಳಿಗಾಲ ಶುರುವಾಗುವ ವಾರ ತೆಗೆದು,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ,
ಸದ್ದು ಕೇಳಿ,
ಇದ್ದಲ್ಲೇ ಇಡುತ್ತೇನೆ.