ಗಾದೆ ವಿಸ್ತರಿಸಿ ಬರೆಯಿರಿ

ಮೂವತ್ತೆಂಟು ಉತ್ತರಪತ್ರಿಕೆ, ಒಂದು ಕೆಂಪು ಪೆನ್ನು,
ಕೋಡಿಬಾಗದ ಬಾಡಿಗೆ ಮನೆಯ ಜಗಲಿ.
ಪ್ರಶ್ನೆ ಹನ್ನೆರಡು, ಅಂಕ ಮೂರು.
ಗಾದೆ ನಾನೇ ಆರಿಸಿದ್ದು:
ಗಾಳಿ ಬಂದಾಗ ತೂರಿಕೋ.

ಆರಿಸುವಾಗ ಬೇರೆಯವೂ ಕೈಗೆ ಬಂದಿದ್ದವು,
ಯಾಕೋ ಆ ದಿನ ಎಲ್ಲವೂ ಎಸೆತದವೇ.
ಕೆಸರಿಗೆ ಕಲ್ಲೆಸೆದರೆ ಮುಖಕ್ಕೇ ಸಿಡಿತ.
ಹಣ್ಣಿರುವ ಮರಕ್ಕೇ ಕಲ್ಲೇಟು.
ಆಕಾಶಕ್ಕೆ ಉಗುಳಿದವನ ಗತಿ.
ಕತ್ತಲಲ್ಲಿ ಕಲ್ಲು. ಕಣ್ಣಿಗೆ ಮಣ್ಣು.
ಒಂದೇ ಕಲ್ಲಿಗೆ ಎರಡು ಹಕ್ಕಿ
(ಹಕ್ಕಿಗಳನ್ನು ಯಾರೂ ಕೇಳಿದಂತಿಲ್ಲ).
ನಮ್ಮ ಹಿರಿಯರ ಕೈಗೆ ಕಲ್ಲು ಬಿಟ್ಟು
ಬೇರೇನೂ ಸಿಗಲಿಲ್ಲವೇ ಎಂದು ಒಬ್ಬಳೇ ನಕ್ಕಿದ್ದೆ.

ಮೂವತ್ತೇಳು ಮಂದಿ ಗೈಡಿನಂತೆ ಬರೆದಿದ್ದಾರೆ.
ಗಾದೆ ವೇದಕ್ಕೆ ಸಮಾನ, ಅವಕಾಶ ಮತ್ತೆ ಬಾರದು,
ಕಾಲ ಯಾರಿಗೂ ಕಾಯದು.
ಮೂರು, ಮೂರು, ಎರಡೂವರೆ, ಮೂರು.

ರೋಶನ್ ತಾಂಡೇಲ, ಹತ್ತನೇ ‘ಬಿ’, ಕೊನೆಯ ಬೆಂಚು:
“ಈ ಗಾದೆ ತಪ್ಪು ಅಕ್ಕೋರೆ.
ಗಾಳಿ ಬಂದರೆ ತೂರಬಾರದು.
ಬಲೆ ಬಿಚ್ಚಿಕೊಳ್ಳುವುದಿಲ್ಲ, ಮುದ್ದೆಯಾಗಿ ಬೀಳುತ್ತದೆ,
ನೊಗ್ಲಿ ಓಡಿಹೋಗುತ್ತದೆ, ಅಪ್ಪ ಬೈಯುತ್ತಾರೆ.
ಗಾಳಿ ನಿಲ್ಲುವ ತನಕ ಸೊಂಟದ ನೀರಲ್ಲಿ ನಿಲ್ಲಬೇಕು.
ಹಗ್ಗ ಎಡಗೈ ಮಣಿಕಟ್ಟಿಗೆ,
ಸೀಸದ ಅಂಚು ಹಲ್ಲಿನಲ್ಲಿ ಕಚ್ಚಿರಬೇಕು,
ಆವಾಗ ಮಾತಾಡಲಿಕ್ಕೆ ಆಗುವುದಿಲ್ಲ.
ಬೀಸಿದ ಮೇಲೂ ಹಗ್ಗ ನಮ್ಮ ಕೈಯಲ್ಲೇ ಇರುತ್ತದೆ.
ಇಲ್ಲದಿದ್ದರೆ ಅದು ಬಿಸಿದ್ದಲ್ಲ, ಬಿಸಾಡಿದ್ದು.”

‘ಬೀ’ಗೆ ಒಂದು ಕಡೆ ದೀರ್ಘ ಬಿಟ್ಟಿದ್ದಾನೆ.
ಕೆಂಪು ಪೆನ್ನಲ್ಲಿ ಹಾಕಿದೆ,
ಬೇಕಾದದ್ದಕ್ಕಿಂತ ಉದ್ದ ಬಾಲ ಎಳೆದು.

ನಾನು ಬನವಾಸಿ ಕಡೆಯವಳು.
ಗಾಳಿಯೆಂದರೆ ನನಗೆ ಕಣ,
ಮೊರ ಎತ್ತಿ ಹಿಡಿದ ಚಿಕ್ಕಮ್ಮನ ಎರಡು ಕೈ,
ಹೊಟ್ಟು ಅತ್ತ ಹಾರಿ ಕಾಳು ಅವಳ ಕಾಲ ಬಳಿ.
ಹದಿನಾರು ವರ್ಷ
ಕಾಳಿ ಕಡಲಿಗೆ ಸೇರುವ ಈ ಬಾಯಲ್ಲಿ ನಿಂತು
ಘಟ್ಟದ ಮೇಲಿನ ಗಾಳಿಯನ್ನೇ ಪಾಠ ಮಾಡಿದ್ದೇನೆ.

ಇನ್ನೊಂದು ಇದೆ, ಹೇಳಿಬಿಡುತ್ತೇನೆ.
ಜುಲೈಯಲ್ಲಿ ಅವನು ತೂಕಡಿಸುತ್ತಿದ್ದ.
ಚಾಕ್‌ಪೀಸು ಎಸೆದೆ. ಹಿಡಿದ,
ಒಂದೇ ಕೈಯಲ್ಲಿ, ಕಣ್ಣು ಪೂರ್ತಿ ತೆರೆಯದೆಯೇ.
ಎದ್ದು ಬಂದು ಮೇಜಿನ ಮೇಲಿಟ್ಟ.
ಕ್ಲಾಸಿಗೆ ಕ್ಲಾಸೇ ಚಪ್ಪಾಳೆ.
ಚಪ್ಪಾಳೆಗೆ ಸಿಟ್ಟು ಬಂದು ಮತ್ತೊಂದು ಎಸೆದೆ:
“ನಿನಗೆ ಕನ್ನಡ ಯಾಕೋ, ದೋಣಿ ಸಾಕಲ್ಲ.”
ಅದನ್ನೂ ಹಿಡಿದಿರಬೇಕು.
ತಂದು ಇಡಲಿಲ್ಲ.

ಅಂಕದ ಚೌಕ ಖಾಲಿ ಬಿಟ್ಟು,
ಕಟ್ಟಿನ ಮೇಲೆ ತೆಂಗಿನಕಾಯಿಯೊಂದನ್ನು ಹೇರಿಟ್ಟು,
ಹೊಳೆಯ ಕಡೆ ನಡೆದೆ.
ಇಳಿತದ ಹೊತ್ತು. ಆಚೆ ಸದಾಶಿವಗಡ ಕಪ್ಪಾಗುತ್ತಿತ್ತು.
ಸೇತುವೆಯ ಕಂಬದಿಂದಾಚೆ ಅವನೇ,
ಶಾಲೆಯ ಚಡ್ಡಿ, ಭುಜದ ಮೇಲೆ ಬಲೆ,
ಹಲ್ಲಿನ ನಡುವೆ ಸೀಸದ ಅಂಚು.
ನನ್ನನ್ನು ಕಂಡು ಹುಬ್ಬು ಮಾತ್ರ ಏರಿಸಿದ.

ಹೇಳಲಿಕ್ಕಿದ್ದದ್ದು ನನ್ನ ಬಾಯಲ್ಲೂ ಇತ್ತು.
ಗಾಳಿ ಇನ್ನೂ ಬೀಸುತ್ತಿತ್ತು.
ಚಪ್ಪಲಿ ಕಳಚಿ, ಸೀರೆಯ ನಿರಿಗೆ ಎತ್ತಿಕೊಂಡು,
ಮೊಣಕಾಲ ನೀರಿನ ತನಕ ಹೋಗಿ
ನಿಂತೆ.