ಮೂಕ ರೀಲಿಗೆ ಸದ್ದು

ದಸರಾ ಕುಸ್ತಿಯ ಚರಿತ್ರೆಯಂತೆ, ಎಪ್ಪತ್ತೆರಡು ನಿಮಿಷದ ಚಿತ್ರ.
ಸದ್ದಿನ ಕೆಲಸ ನನ್ನದು.
ನಜರ್‌ಬಾದಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಸ್ಟುಡಿಯೋ;
ಗಿರಣಿ ನಿಂತ ಮೇಲೇ, ಅಂದರೆ ರಾತ್ರಿ ಎಂಟರ ಮೇಲೇ,
ನಮಗೆ ಮೌನ.

ಸಿಕ್ಕಿದ್ದು ಒಂದೇ ಹಳೆಯ ರೀಲು, ಅರವತ್ತೆಂಟರದ್ದು,
ಯಾರದೋ ಅಟ್ಟದ ಮೇಲೆ, ಹುಣಿಸೆಹಣ್ಣಿನ ಡಬ್ಬದ ಪಕ್ಕ.
ಹನ್ನೊಂದು ನಿಮಿಷ. ಬಾಯಿಲ್ಲ ಅದಕ್ಕೆ.
ಸಾವಿರಾರು ಜನ ಬಾಯಿ ತೆರೆದಿದ್ದಾರೆ,
ಒಬ್ಬರಿಗೂ ಗಂಟಲಿಲ್ಲ.
ನಗಾರಿಯವನ ಕೈ ಏಳುತ್ತದೆ, ಬೀಳುತ್ತದೆ,
ನೊಣ ಓಡಿಸಿದ ಹಾಗೆ.

ಸುಣ್ಣದಕೇರಿ ಗರಡಿಯಿಂದ ಒಂದು ಟಬ್ಬು ಮಟ್ಟಿಮಣ್ಣು ತಂದೆ,
ಅರಿಶಿನ, ಎಣ್ಣೆ, ಹುಳಿಮಜ್ಜಿಗೆ ಕುಡಿದ ಕೆಮ್ಮಣ್ಣು.
ಅದರಲ್ಲಿ ಮೊಣಕೈ ಊರಿ ಹೆಜ್ಜೆ ಮಾಡಿದೆ.
ಬೀಳುವ ಮೈಗೆ ಒದ್ದೆ ಗೋಣಿಚೀಲ.
ಉಸಿರಿಗೆ ನನ್ನದೇ ಉಸಿರು;
ಸಿಗರೇಟಿನ ಎದೆ, ಪೈಲ್ವಾನರದ್ದಲ್ಲ, ತಿದ್ದಬೇಕಾಯಿತು.
ತೊಡೆ ತಟ್ಟುವುದು ಮಾತ್ರ ಆಗಲೇ ಇಲ್ಲ.
ನನ್ನ ತೊಡೆ ಸೊಳ್ಳೆ ಹೊಡೆದ ಸದ್ದು ಮಾಡಿತು.

ಹಾಗಾಗಿ ಅವರನ್ನೇ ಕರೆಸಿದ್ದು:
ರೀಲಿನಲ್ಲಿರುವ ಇಬ್ಬರಲ್ಲಿ ಉಳಿದ ಒಬ್ಬರು,
ಪೈಲ್ವಾನ್ ಕೆಂಪನಂಜಪ್ಪ, ಎಂಬತ್ತನಾಲ್ಕು.
ಇನ್ನೊಬ್ಬರು ಲಷ್ಕರ್ ಮೊಹಲ್ಲಾದ ಬುಡೇನ್ ಸಾಬರು,
ಹೋಗಿ ಹತ್ತೊಂಬತ್ತು ವರ್ಷ.
ಸಮಸಮ ಎಂದು ಸೀಟಿ ಊದಿದ ಜೋಡಿ ಅದು;
ಎರಡೂ ಕೇರಿಗಳಲ್ಲಿ ಇವತ್ತಿಗೂ
ನಮ್ಮವನೇ ಗೆದ್ದ ಅನ್ನುತ್ತಾರೆ.

"ತೊಡೆ ತಟ್ಟಿ ಯಜಮಾನ್ರೇ, ಮೈಕು ಇಲ್ಲಿದೆ."
ಅವರು ಮೈಕನ್ನು ನೋಡಿದರು,
ಟಬ್ಬಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು.
"ಎದ್ರಿಗೆ ಯಾರವ್ರೆ?"
ಯಾರೂ ಇಲ್ಲ, ಸದ್ದಿಗೆ ಮಾತ್ರ.
"ಆಳಿಲ್ದೆ ತೊಡೆ ತಟ್ಬಾರ್ದು ಕಣಪ್ಪ.
ತಟ್ಟುದ್ರೆ ಅವ್ನು ಎದ್ದು ಬರ್ಬೇಕಾಯ್ತದೆ."

ಸರಿ, ನೋಡಿಯಾದರೂ ಹೋಗಿ ಎಂದು ರೀಲು ಬಿಟ್ಟೆ.
ಏಳನೇ ನಿಮಿಷ. ಹೆಗಲಿಗೆ ಹೆಗಲು, ಕತ್ತಿಗೆ ಕತ್ತು,
ಕಂಬದ ಹಾಗೆ ನಿಂತಿದ್ದಾರೆ ಇಬ್ಬರೂ.
ನಿರ್ದೇಶಕರ ಟಿಪ್ಪಣಿ: ಭಯಂಕರ ಪಟ್ಟು, ನಗಾರಿ ಜೋರು.
"ಇಲ್ಲಿ," ಅವರ ಬೆರಳು ಪರದೆಗೆ ತಾಕಿತು,
"ಇಲ್ಲಿ ಕಿವೀಲಿ ಒಂದ್ ಮಾತು ಹೇಳ್ದ."
ಏನಂದರು?
ಟೀಗೆ ಸಕ್ಕರೆ ಸಾಲದು ಅಂದರು.
ಆಮೇಲೆ, ಬಾದಾಮಿ ಈಗೇನು ರೇಟು ಅಂತ ಕೇಳಿದರು.

ಮೆಟ್ಟಿಲು ಕಡಿದು. ಹಿಟ್ಟಿನ ಜಾರು.
ಅರ್ಧ ಇಳಿದಾಗ ಆ ದೊಡ್ಡ ಮೈ ನನ್ನ ಮೇಲೆ ಬಂತು,
ಕೈ ನನ್ನ ಕತ್ತಿನ ಹಿಂದೆ ಬಿಗಿಯಿತು,
ಜಜ್ಜಿ ಮುದುಡಿದ ಕಿವಿ ನನ್ನ ಕೆನ್ನೆಗೆ.
"ಮಂಡಿ ಹೋಯ್ತು ಕಣ್ಲಾ. ಬಿಡ್ಬ್ಯಾಡ.
ಯಾರ್ಗೂ ಗೊತ್ತಾಗ್ದಂಗೆ ನಿಲ್ಲುಸ್ಕೊ."
ಈಗಿನ ಮಾತೋ, ಅರವತ್ತೆಂಟರದೋ,
ಇವರ ಮಂಡಿಯೋ, ಬುಡೇನ್ ಸಾಬರದೋ,
ಕೇಳಲಿಲ್ಲ. ಹಿಡಿದು ನಿಂತೆ.
ಬೀದಿಯಿಂದ ಯಾರಾದರೂ ನೋಡಿದ್ದರೆ
ಕುಸ್ತಿ ಅಂದುಕೊಳ್ಳುತ್ತಿದ್ದರು.

ಏಳನೇ ನಿಮಿಷಕ್ಕೆ ನಾನು ನಗಾರಿ ಹಾಕಲಿಲ್ಲ.
ಜನದ ಕೂಗೂ ತೆಗೆದೆ.
ನಲವತ್ತು ಸೆಕೆಂಡು, ಬರೀ ಉಸಿರು.
ನಿರ್ದೇಶಕರು ಅದರ ಮೇಲೆ ನಗಾರಿ ಕೂರಿಸಿದರು.
ಎರಡು ದಿನ ಜಗಳವಾಡಿದೆ. ಚಿತ್ ಆದೆ.

ಚಿತ್ರ ಬಂದಾಗ ಕಿವಿಗೊಟ್ಟು ನೋಡಿ.
ನಗಾರಿಯ ಕೆಳಗೆ, ತೀರಾ ಕೆಳಗೆ,
ಉಸಿರನ್ನು ಅಳಿಸಲು ಮರೆತಿದ್ದಾರೆ.
ಒಂದು ಕಡೆ ಕೆಮ್ಮುತ್ತದೆ,
ಅದು ನಾನು.