ಬಾಕಿ ಚಿಲ್ಲರೆ

ಎದೆಯ ಮೇಲೆ ಹಸಿರು ಪಟ್ಟಿ: ‘ರೋಗಿ ಸಹಾಯಕ’.
ಮೊದಲ ವಾರ ನಾಚಿಕೆಯಾಗಿ ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದೆ.
ಈಗ ಅದಿಲ್ಲದೆ ಹೊರಟರೆ
ಅಂಗಿಯನ್ನೇ ಮರೆತಂತೆ.

ಸೊರಬದ ಲೈನಿನಲ್ಲಿ ಮೂವತ್ತೊಂದು ವರ್ಷ ನಿಂತೇ ಇದ್ದವನು.
ಮಂಡಿ ಕೈಕೊಟ್ಟಿತು, ಬಸ್ಸು ಬಿಟ್ಟೆ.
ನಿಲ್ಲುವುದನ್ನು ಬಿಡಲಾಗಲಿಲ್ಲ.
ಸೋಮವಾರ, ಗುರುವಾರ, ಬೆಳಿಗ್ಗೆ ಎಂಟಕ್ಕೆ
ಶಿವಮೊಗ್ಗದ ದೊಡ್ಡಾಸ್ಪತ್ರೆಯ ಹೊರರೋಗಿ ಬಾಗಿಲು;
ಅದೂ ಒಂದು ಫುಟ್‌ಬೋರ್ಡೇ.

ಬಂದವರಿಗೆ ಕಾಯಿಲೆಯ ಹೆಸರು ಗೊತ್ತಿರುವುದಿಲ್ಲ.
ನಾನು ಕೇಳುವುದೂ ಇಲ್ಲ.
‘ಎಲ್ಲಿ ಹತ್ತಿದಿರಿ?’ ಅಷ್ಟೆ.
ಆನವಟ್ಟಿ ಅಂದರೆ ನಾಲ್ಕಕ್ಕೆ ಎದ್ದವರು, ಬರಿಹೊಟ್ಟೆ;
ಮೊದಲು ರಕ್ತ ಕೊಡಿಸು, ಆಮೇಲೆ ಇಡ್ಲಿ.
ಉಳವಿ ಅಂದರೆ ಚೀಲದಲ್ಲಿ ಬುತ್ತಿ ಇದೆ.
ಕುಂಸಿಯವರಿಗೆ ಯಾವಾಗಲೂ ಅವಸರ,
ವಾಪಸ್ಸು ರೈಲು ಹಿಡಿಯಬೇಕು.

‘ಹಿಂದೆ ಹೋಗಿ, ಹಿಂದೆ ಹೋಗಿ’ ಎಂದು ಸವೆದ ನಾಲಿಗೆ
‘ಕೂತ್ಕೊಳ್ಳಿ’ ಅನ್ನಲು ಕಲಿತದ್ದು ತಡವಾಗಿ.
ಎಕ್ಸ್‌ರೇ ಕೋಣೆಯ ಮುಂದೆ ಒಮ್ಮೆ
ಬಾಯಿ ತಪ್ಪಿ ‘ರೈಟ್’ ಅಂದುಬಿಟ್ಟೆ;
ಸ್ಟ್ರೆಚರು ತಳ್ಳುವ ಜಬೀವುಲ್ಲಾ ಹೊರಟೇಬಿಟ್ಟ.
ಮಲಗಿದ್ದ ಮುದುಕ ನಕ್ಕ,
ಮುರಿದ ಪಕ್ಕೆಲುಬನ್ನು ಹಿಡಿದುಕೊಂಡು.

ಕಳೆದ ಗುರುವಾರ ಗುತ್ಯಮ್ಮ.
ಚಂದ್ರಗುತ್ತಿ ಕಡೆಯವಳು.
ದರಗು ಗುಡಿಸಲು ಕಾಡಿಗೆ ಹೋದ ಮಗಳಿಗೆ
ಮಂಗನ ಕಾಯಿಲೆ, ಆರನೆಯ ದಿನ, ವಸಡಿನಲ್ಲಿ ರಕ್ತ.
ಪ್ಲೇಟ್ಲೆಟ್ ತರಿಸಿ ಎಂದು ಸಿಸ್ಟರ್ ಲವೀನಾ ಕೊಟ್ಟ ಚೀಟಿಯನ್ನು
ತಲೆಕೆಳಗಾಗಿ ಹಿಡಿದು ನಿಂತಿದ್ದಳು.
ರಕ್ತನಿಧಿ ಆಚೆ ಕಟ್ಟಡದ ಮೇಲಿನ ಮಹಡಿ.
ಲಿಫ್ಟು ಕೆಟ್ಟಿತ್ತು.
ಅವಳ ಉಬ್ಬಸ, ನನ್ನ ಮಂಡಿ,
ಮೆಟ್ಟಿಲಿಗೊಂದು ಸ್ಟಾಪು.

‘ನಿಮ್ಮನ್ನ ಎಲ್ಲೋ ಕಂಡಂಗೈತಲ್ಲ’ ಅಂದಳು.
ಬಸ್ಸಿನಲ್ಲಿರಬೇಕು, ಅಂದೆ.
‘ಬಸ್ಸು ಅಂದ್ರಲ್ಲ...
ಸಂತೆಯಿಂದ ಬರೋವಾಗ ಒಬ್ಬ ಕಂಡಕ್ಟ್ರು
ಎರಡು ರೂಪಾಯಿ ಕಮ್ಮಿ ಅಂತ
ಕಾನಿನ ತಿರುವಲ್ಲಿ ಇಳಿಸಿಬಿಟ್ಟ.
ಕತ್ತಲೆ. ಇವಳೇ ಹೊಟ್ಟೇಲಿ.’
ಸಿಟ್ಟಿರಲಿಲ್ಲ ದನಿಯಲ್ಲಿ,
ಮೆಟ್ಟಿಲು ಸಾಗಲೆಂದು ಹೇಳಿದ ಕತೆ.
‘ಮೀಸೆ ಇತ್ತು ಅವಂಗೆ.’

ನನಗೂ ಇತ್ತು.
ಆ ಕಾಲದಲ್ಲಿ ಯಾವ ಕಂಡಕ್ಟರಿಗೆ ಇರಲಿಲ್ಲ?
ಇಳಿಸಿದವರ ಲೆಕ್ಕ ಯಾವ ವೇಬಿಲ್ಲಿನಲ್ಲೂ ಬರೆಯುವುದಿಲ್ಲ.

ಕಿಟಕಿಯವನು ಅರ್ಧ ಗಂಟೆ ಕಾಯಿರಿ ಅಂದ.
ಕೂತೆವು. ಜೇಬಿನಿಂದ ಪೆನ್ನು ತೆಗೆದು
ಒಂದು ಹಳೆಯ ಚೀಟಿಯ ಬೆನ್ನಿಗೆ
ಮಗಳ ವಾರ್ಡು, ಮಂಚದ ನಂಬರು ಬರೆದು
ಸುತ್ತ ಒಂದು ಸೊನ್ನೆ ಎಳೆದೆ,
ಕೊಡಬೇಕಾದ ಚಿಲ್ಲರೆಗೆ ಎಳೆಯುತ್ತಿದ್ದ ಹಾಗೆ.
ಕೈ ಸ್ವಲ್ಪ ನಡುಗಿತು.
ಅವಳು ಅದನ್ನು ಎಲೆಸಂಚಿಯಲ್ಲಿಟ್ಟುಕೊಂಡಳು,
ಇಳಿಯುವಾಗ ಕೇಳಿ ಪಡೆಯುವವರ ಹಾಗೆ.

ಇವತ್ತು ಸೋಮವಾರ. ಏಳೂಮುಕ್ಕಾಲು.
ಎಷ್ಟೋ ಜನರನ್ನು ಇಳಿಸಿದ ಕೈ ಇದು.
ಒಂದು ಜ್ವರವನ್ನು ಮಾತ್ರ
ಅದಾಗಿ ಇಳಿಯುವವರೆಗೂ ಕಾಯಬೇಕು.
ಪಟ್ಟಿ ಸಿಕ್ಕಿಸಿಕೊಂಡು
ಮೊದಲು ವಾರ್ಡಿನ ಕಡೆ ನಡೆದೆ.